ಕೆಂಪು ಪಟ್ಟಿಯ ಪೆಟ್ಟಿಗೆ

ಪ್ಲಾಸಿಡೊ ಯಾರಿಗೂ ಉಪಕಾರ ಮಾಡದೆ ತನ್ನ ಪಾಡಿಗೆ ತಾನು ಸಾಲಿನಲ್ಲಿ ನಿಂತಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಉಪಕಾರ ಎಂಬುದು ಅವನಿಗೆ ಕೆಮ್ಮಿನ ಹಾಗೆ. ತಡೆಯಲು ಹೋದಷ್ಟೂ ಜೋರಾಗಿ ಬರುತ್ತಿತ್ತು.

ದೋಹಾದ ವಿಮಾನ ನಿಲ್ದಾಣದಲ್ಲಿ ತಮ್ಮ ನಾಡಿನ ಸೆಬು ನಗರಕ್ಕೆ ಹೊರಟವರು ಸಾಮಾನು ಕೊಡುವ ಸಾಲು. ಸಾಲಿನ ತುಂಬ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಗಳು. ಪರದೇಶಕ್ಕೆ ದುಡಿಯಲು ಹೋದವರು ಬರಿಮೈಯಲ್ಲಿ ಬಂದರೂ ಊರಿನವರು ಕ್ಷಮಿಸಿಯಾರು, ಪೆಟ್ಟಿಗೆ ಇಲ್ಲದೆ ಬಂದರೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಎಲ್ಲವೂ ಒಂದೇ ಅಳತೆಯವು, ಒಂದೇ ಕಂದು ಬಣ್ಣದವು. ಎರಡು ವರ್ಷ ಅಲ್ಲಿನ ದರ್ಜಿ ಅಂಗಡಿಯಲ್ಲಿ ದುಡಿದಿದ್ದ ಪ್ಲಾಸಿಡೊ ಜಾಣತನ ಮಾಡಿ, ತನ್ನ ಪೆಟ್ಟಿಗೆಗೆ ಕೆಂಪು ಬಟ್ಟೆಯ ಪಟ್ಟಿ ಸುತ್ತಿ, ತನ್ನ ಗುರುವಿನಿಂದ ಕಲಿತ ಒಂದು ವಿಚಿತ್ರ ಗಂಟು ಹಾಕಿದ್ದ. ಸಾವಿರ ಪೆಟ್ಟಿಗೆಯ ನಡುವೆಯೂ ಗುರುತು ಸಿಗಬೇಕು ಎಂಬುದು ಅವನ ಲೆಕ್ಕಾಚಾರ.

ಅವನ ಮುಂದೆ ನಿಂತಿದ್ದ ಹೆಂಗಸಿನ ಪೆಟ್ಟಿಗೆಯ ತೂಕ ಹೆಚ್ಚಾಯಿತು. ಅಲ್ಲೇ ಬಿಚ್ಚಿ ಕೆಲವು ಡಬ್ಬಿಗಳನ್ನು ಹೊರಗೆ ತೆಗೆದು ಮತ್ತೆ ಮುಚ್ಚಲು ಹೋದಾಗ ರಟ್ಟು ಹರಿಯಿತು. ಆಕೆಯ ಕಣ್ಣಲ್ಲಿ ನೀರು ತುಂಬಿತು. ಪ್ಲಾಸಿಡೊನ ಜೇಬಿನಲ್ಲಿ ಇನ್ನೂ ಒಂದಷ್ಟು ಕೆಂಪು ಪಟ್ಟಿ ಉಳಿದಿತ್ತು. ಇನ್ನೇನು ಬೇಕು?

"ಸ್ವಲ್ಪ ಸರಿ ತಂಗಿ, ನಾನು ಕಟ್ಕೊಡ್ತೀನಿ," ಎಂದವನೇ ಸುತ್ತಿ, ಎಳೆದು, ಅದೇ ಗಂಟು ಹಾಕಿ, ತೃಪ್ತಿಯಿಂದ ಒಮ್ಮೆ ತಟ್ಟಿದ.

"ದೇವ್ರು ನಿಮ್ಗೆ ಒಳ್ಳೇದು ಮಾಡ್ಲಿ ಅಣ್ಣ," ಎಂದಳು ಆಕೆ. ದೇವರು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಮುಂದೆ ತಿಳಿಯುತ್ತದೆ.

ಬೆಳಗ್ಗೆ ಸೆಬುವಿನಲ್ಲಿ ಇಳಿದಾಗ ಸಾಮಾನು ತಿರುಗುವ ಪಟ್ಟೆಯ ಮೇಲೆ ಕೆಂಪು ಪಟ್ಟಿಯ ಪೆಟ್ಟಿಗೆ ತೇಲಿ ಬಂತು. ಪಟ್ಟಿಯೂ ತನ್ನದೇ, ಗಂಟೂ ತನ್ನದೇ. ನಾಲ್ಕೂ ಕಡೆ ದಪ್ಪಕ್ಷರದಲ್ಲಿ ಬರೆದಿದ್ದ ಹೆಸರನ್ನು ಅವನು ಓದಲೇ ಇಲ್ಲ. ಮಗುವಿನ ಮುಖ ಕಂಡ ಮೇಲೆ ಜನನಪತ್ರ ಯಾರು ಕೇಳುತ್ತಾರೆ? ಎಳೆದು ಗಾಡಿಗೆ ಹಾಕಿಕೊಂಡು ಹೊರಟ.

ಹೊರಗೆ ಬಾಡಿಗೆ ಜೀಪ್ನಿ ವ್ಯಾನಿನ ತುಂಬ ನೆಂಟರು ಬಂದಿದ್ದರು. ಹೆಂಡತಿ ನೆನಿತಾ, ಮಗಳು ಮಾರಿವಿಕ್, ಅತ್ತೆ ಕ್ಯಾಂದಿಡಾ, ಭಾಮೈದ ಬೊಯೆಟ್, ಅಕ್ಕಪಕ್ಕದ ಮನೆಯವರು, ಜೊತೆಗೆ ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಮುದುಕ. ಎಲ್ಲರೂ ಮೊದಲು ಪ್ಲಾಸಿಡೊನನ್ನು ಅಪ್ಪಿಕೊಂಡರು, ಆಮೇಲೆ ಇನ್ನೂ ಹೆಚ್ಚು ಪ್ರೀತಿಯಿಂದ ಪೆಟ್ಟಿಗೆಯನ್ನು ಸವರಿದರು.

"ನಾನು ಒಂದು ನಿದ್ದೆ ಮಾಡಿ ಏಳೋವರೆಗೂ ಯಾರೂ ಪೆಟ್ಟಿಗೆ ಬಿಚ್ಬಾರ್ದು," ಎಂದು ಪ್ಲಾಸಿಡೊ ಮನೆ ತಲುಪಿದ ಕೂಡಲೇ ಅಪ್ಪಣೆ ಮಾಡಿದ. "ಅದ್ರಲ್ಲಿ ಮಾರಿವಿಕ್ ಗೌನು ಇದೆ. ನಾನೇ ಕೈಯಾರೆ ತೆಗೆದು ಕೊಡ್ಬೇಕು."

ನಾಡಿದ್ದು ಮಾರಿವಿಕ್‌ಳ ಮದುವೆ. ಎರಡು ವರ್ಷ ದಿನವಿಡೀ ಮಂದಿಯ ಬಟ್ಟೆ ಹೊಲಿದು, ಉಳಿದ ಹೊತ್ತಿನಲ್ಲಿ ಮಗಳಿಗೆಂದು ಒಂದು ಬಿಳಿ ಗೌನನ್ನು ಅವನು ಹೊಲಿದಿದ್ದ. ಅಂಚಿಗೆ ಸುತ್ತಲೂ ಮಲ್ಲಿಗೆ ಮೊಗ್ಗಿನ ಸಾಲು, ಒಂದೊಂದನ್ನೂ ಕೈಯಿಂದಲೇ ಹೊಲಿದದ್ದು. ಫೋನಿನಲ್ಲಿ ಎಷ್ಟು ಪೀಡಿಸಿದರೂ ಅದರ ಚಿತ್ರ ಒಂದನ್ನೂ ಕಳಿಸಿರಲಿಲ್ಲ. ಪೆಟ್ಟಿಗೆಯಲ್ಲಿ ಅದು ಬಿಟ್ಟರೆ ಬೇರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಸಾಬೂನು, ಟವೆಲು, ಅತ್ತೆಗೆ ಒಂದು ಬಿಳಿ ಹಾಸಿಗೆ ಹೊದಿಕೆ, ಅಷ್ಟೇ. ಅದೇ ಯೋಚನೆಯಲ್ಲಿ ಸ್ವಲ್ಪ ನಾಚಿಕೊಂಡೇ ನಿದ್ದೆ ಹೋದ.

ಅವನು ಎದ್ದಾಗ ಮಧ್ಯಾಹ್ನವಾಗುತ್ತಾ ಬಂದಿತ್ತು. ಮನೆಯ ತುಂಬ ಅತ್ತರಿನ ಘಮ. ಅಂಗಳದಲ್ಲಿದ್ದ ಹುಂಜವೂ ಘಮಘಮಿಸುತ್ತಿತ್ತು. ಅತ್ತೆ ಕ್ಯಾಂದಿಡಾ, ಮದುವೆಯಾದಾಗಿನಿಂದ ಅವನನ್ನು 'ಆ ದರ್ಜಿ' ಎಂದಷ್ಟೇ ಕರೆಯುತ್ತಿದ್ದವಳು, ಓಡಿ ಬಂದು ಅವನ ಕೆನ್ನೆ ಹಿಂಡಿದಳು.

"ನನ್ನ ಬಂಗಾರದ ಅಳಿಯ! ನಾನು ನಿನ್ನ ತಪ್ಪು ತಿಳ್ಕೊಂಡಿದ್ದೆ ಕಣಪ್ಪ. ಎಂಥಾ ಅತ್ತರು! ಎಂಥಾ ಘಮ!"

"ಯಾವ ಅತ್ತರು ಅತ್ತೆ?"

"ಹೋಗು, ಏನೂ ಗೊತ್ತಿಲ್ದೋನ ಹಾಗೆ ಆಡ್ತೀಯ!"

ನೆನಿತಾ ಬಿಸಿ ಅನ್ನದ ಮೇಲೆ ಬೆಳ್ಳುಳ್ಳಿ ಹಾಕಿ ಹುರಿದ ಡಬ್ಬಿಮಾಂಸ ಬಡಿಸಿಕೊಂಡು ಬಂದಳು. ಹಸಿದಿದ್ದವನು ತಿಂದುಬಿಟ್ಟ. ತಿನ್ನುತ್ತಿದ್ದಾಗಲೇ ಬಡಾವಣೆಯ ಮುಖಂಡ ಕಪಿತಾನ್ ಲಿಬೊರಿಯೊ ಬಾಗಿಲಲ್ಲಿ ಕಾಣಿಸಿಕೊಂಡರು. ಕಾಲಲ್ಲಿ ಹಾಲಿನಂಥ ಬಿಳಿ ಬೂಟು.

"ಪ್ಲಾಸಿಡೊ, ಅಳತೆ ಹೇಗಪ್ಪ ಗೊತ್ತಾಯ್ತು ನಿಂಗೆ? ಕಾಲಿಗೆ ಅಂಟಿಸಿದ ಹಾಗಿದೆ. ಬೆಳಗ್ಗಿನಿಂದ ಮೂರು ಸಲ ಬೀದಿ ಸುತ್ತಿದ್ದೀನಿ. ಮುಂದಿನ ಸಭೇಲಿ ನಿನ್ನ ಹೆಸರು ಹೇಳ್ದೆ ಬಿಡಲ್ಲ."

ಪ್ಲಾಸಿಡೊನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತಾನು ಕಪಿತಾನರಿಗೆ ತಂದದ್ದು ಒಂದು ಟವೆಲು. ಟವೆಲು ಬೂಟು ಆಗುವುದು ಹೇಗೆ? ಹೆಂಡತಿಯ ಮುಖ ನೋಡಿದ. ಆಕೆ ಹೆಮ್ಮೆಯಿಂದ ನಗುತ್ತಿದ್ದಳು.

"ಅಮ್ಮ ತಡೀಲಿಲ್ಲರೀ, ಬಿಚ್ಚೇಬಿಟ್ರು. ಬೊಯೆಟ್ ಚಾಕು ಹಾಕಿ ಸೀಳಿದ. ನಾನು ಬೇಡ ಅಂದೆ. ಆದ್ರೆ ಇಷ್ಟೊಂದು ತಂದಿದ್ದೀರಲ್ಲ, ಯಾರಿಗೆ ತಾನೆ ತಡಿಯೋಕಾಗುತ್ತೆ? ಇಡೀ ಬೀದಿಗೆ ಹಂಚಿಬಿಟ್ವಿ!"

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಯಿತು. ಮಾರಿವಿಕ್ ಹೊರಗೆ ಬಂದಳು. ಮೈಮೇಲೆ ಒಂದು ಗೌನು. ಬಿಳಿ ರೇಷ್ಮೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಜರಿ, ಅಷ್ಟು ಮಿನುಗು. ಸೊಂಟದ ಹತ್ತಿರ ಸಡಿಲವಾಗಿದ್ದ ಕಡೆಯೆಲ್ಲ ಅಜ್ಜಿ ಪಿನ್ನು ಚುಚ್ಚಿದ್ದಳು. ಹುಡುಗಿಯ ಕಣ್ಣು ತುಂಬಿ ಬಂದಿತ್ತು.

"ಅಪ್ಪಾ, ಇದನ್ನ ನೀನೇ ಹೊಲಿದ್ಯಾ?"

ಪ್ಲಾಸಿಡೊ ತಟ್ಟೆ ಬಿಟ್ಟು ಮೂಲೆಯಲ್ಲಿ ಬಿದ್ದಿದ್ದ ಖಾಲಿ ಪೆಟ್ಟಿಗೆಯ ಬಳಿ ಓಡಿದ. ಸೀಳಿದ ರಟ್ಟಿನ ಎರಡು ತುದಿಗಳನ್ನು ಹತ್ತಿರ ತಂದ. 'ಫ್ಲೋರ್ದೆಲಿಸ್' ಎಂಬ ಹೆಸರು, ಒಂದು ಹಳ್ಳಿ, ಒಂದು ಫೋನ್ ನಂಬರು. ಸಾಲಿನಲ್ಲಿ ತಾನೇ ಕಟ್ಟಿಕೊಟ್ಟ ಪೆಟ್ಟಿಗೆ! ಕಪಿತಾನರು ಹೋಗುವವರೆಗೂ ಹಲ್ಲು ಕಿರಿದು ನಿಂತಿದ್ದು, ಆಮೇಲೆ ನೆನಿತಾಳ ಫೋನು ಕಸಿದುಕೊಂಡು ಹಿತ್ತಿಲಿಗೆ ಓಡಿದ.

"ಅಯ್ಯಯ್ಯೋ ಅಣ್ಣ!" ಆ ಕಡೆಯಿಂದ ಅದೇ ಹೆಂಗಸಿನ ದನಿ. "ನನ್ನ ಪೆಟ್ಟಿಗೆ ನಿಮ್ಮ ಮನೇಲಾ? ನಾನು ಸಿಟೀಲಿ ತಮ್ಮನ ಹತ್ರ ಉಳ್ಕೊಂಡೆ, ಪೆಟ್ಟಿಗೇನ ಚಿಕ್ಕಪ್ಪನ ಮಕ್ಕಳ ಜೊತೆ ಊರಿಗೆ ಕಳ್ಸಿದೆ. ಹಾಗಾದ್ರೆ ಊರಿಗೆ ಹೋಗಿರೋದು ನಿಮ್ದು!"

"ಹೂಂ ತಂಗಿ. ಅದ್ರಲ್ಲಿ ನನ್ನ ಮಗಳ ಮದುವೆ ಗೌನು ಇದೆ. ನಾಡಿದ್ದೇ ಮದುವೆ."

"ನನ್ನದ್ರಲ್ಲೂ ಒಂದು ಗೌನು ಇದೆ ಅಣ್ಣ! ನಮ್ಮೂರ ಚರ್ಚಿನ ಮರಿಯಮ್ಮನವರಿಗೆ. ಅಮ್ಮನ ಕಣ್ಣಿನ ಆಪರೇಷನ್ ಆದಾಗ ಹರಕೆ ಹೊತ್ತಿದ್ದೆ. ಇವತ್ತು ಅವರ ಹಬ್ಬ. ಸಂಜೆ ಪೂಜೆಗೆ ಮುಂಚೆ ಉಡಿಸ್ಬೇಕು. ನಾನು ಈಗ್ಲೇ ಬಸ್ ಹತ್ತೀನಿ, ನೀವು ಚರ್ಚಿನ ಹತ್ರ ಬಂದ್ಬಿಡಿ. ನಿಮ್ಮ ಪೆಟ್ಟಿಗೆ ಚಿಂತೆ ಬಿಡಿ, ನಾನು ಬರೋವರೆಗೂ ಮುಟ್ಬೇಡಿ ಅಂತ ಹೇಳಿದ್ದೀನಿ. ನನ್ನದ್ನೂ ಯಾರೂ ಮುಟ್ಟಿಲ್ಲ ತಾನೆ?"

ಪ್ಲಾಸಿಡೊ ಅಂಗಳದ ಹುಂಜದ ಕಡೆ ನೋಡಿದ. "ಇಲ್ಲ ತಂಗಿ," ಎಂದ. ಅವನ ಜನ್ಮದಲ್ಲೇ ಅಷ್ಟು ದೊಡ್ಡ ಸುಳ್ಳು ಅವನು ಹೇಳಿರಲಿಲ್ಲ.

ಒಳಗೆ ಬಂದು ಮೊದಲು ಮಗಳ ಮುಂದೆ ನಿಂತ. ಬೀದಿಯವರಿಂದ ಬೇಕಾದರೆ ಬೈಸಿಕೊಳ್ಳಬಹುದು, ಈ ಮಾತು ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು.

"ಮಗಳೇ, ಇದು ನಾನು ಹೊಲಿದಿದ್ದಲ್ಲ. ಇನ್ಯಾರದೋ ಹರಕೆದು. ನಂದು ಇಷ್ಟೆಲ್ಲ ಮಿಂಚಲ್ಲಮ್ಮ. ಬರೀ ಬಿಳಿ. ಕೆಳಗೆ ಒಂದಿಷ್ಟು ಮೊಗ್ಗು." ದನಿ ಸಣ್ಣದಾಯಿತು. "ನೋಡಿದ್ರೆ ನಿಂಗೆ ಸಪ್ಪೆ ಅನ್ನಿಸ್ಬಹುದು."

ಮಾರಿವಿಕ್ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಗೌನನ್ನು ಮಡಚಿ ತಂದು ಅವನ ಕೈಗಿಟ್ಟಳು. ಅವಳ ಮುಖ ಬಾಡಿದೆಯೋ ಇಲ್ಲವೋ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಇನ್ನು ಬೀದಿಯ ಸರದಿ. ಕೊಟ್ಟದ್ದನ್ನು ಕೇಳಿ ವಾಪಸು ಪಡೆಯುವುದೆಂದರೆ ಜಗಿದ ಎಲೆಯಡಿಕೆಯನ್ನು ಮತ್ತೆ ಕಟ್ಟಿಕೊಡಿ ಎಂದ ಹಾಗೆ. ಮೊದಲು ಅತ್ತೆ.

"ಏನು? ಕೊಟ್ಟು ಕಿತ್ಕೊಳ್ತೀಯಾ? ನಂಗೆ ಮೊದ್ಲೇ ಗೊತ್ತಿತ್ತು, ಆ ದರ್ಜಿ ಕೈಯಿಂದ ಇಂಥದ್ದೆಲ್ಲ ಬರಲ್ಲ ಅಂತ!" ಬಂಗಾರದ ಅಳಿಯ ಅರ್ಧ ದಿನವೂ ಬಾಳಲಿಲ್ಲ. ಆದರೂ ಮರಿಯಮ್ಮನವರ ಹರಕೆ ಎಂದ ಕೂಡಲೇ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಸೀಸೆಯನ್ನು ತಂದು ಕುಕ್ಕಿದಳು. ತಳದಲ್ಲಿ ಒಂದು ಬೆರಳಿನಷ್ಟು ಅತ್ತರು ಉಳಿದಿತ್ತು.

ಪಕ್ಕದ ಮನೆಯ ಪಾಸಿಂಗಕ್ಕ ಚಾಕೊಲೇಟಿನ ಖಾಲಿ ಡಬ್ಬಿ ಕೊಟ್ಟಳು. "ಮಕ್ಕಳು ತಿಂದು ಆಯ್ತಲ್ಲೋ. ಮಕ್ಕಳನ್ನೇ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದಳು. ಬೇಕಿದ್ದರೆ ನಿಜವಾಗಿಯೂ ಕಳಿಸುವ ಹಾಗಿತ್ತು ಅವಳ ಮುಖ. ಮೂಲೆ ಮನೆಯವಳು ಸಾಬೂನು ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದಳು. ಬಾಗಿಲ ಹೊರಗೆ ನಿಂತು "ಅಕ್ಕಾ, ಇನ್ನು ಸಾಕು, ಜಾಸ್ತಿ ಉಜ್ಜಬೇಡಿ!" ಎಂದು ಕೂಗಿದ್ದಕ್ಕೆ ಅವಳ ಗಂಡ ಪೊರಕೆ ಹಿಡಿದು ಬಂದ. ಬೊಯೆಟ್ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಹಾಡು ಕೇಳುತ್ತ, ಭಾವ ಹೇಳಿದ್ದು ಒಂದೂ ಕೇಳದೆ, ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸುತ್ತಿದ್ದ. ಕೊನೆಗೆ ಅವನ ಕಿವಿಯಿಂದಲೇ ಕಿತ್ತುಕೊಳ್ಳಬೇಕಾಯಿತು.

ಎಲ್ಲಕ್ಕಿಂತ ಕಷ್ಟ ಕಪಿತಾನರದ್ದು. ಅವರು ಹೊಸ ಚರಂಡಿಯ ಪಕ್ಕ ನಿಂತು, ಕೆಲಸಗಾರರಿಗೆ ಬೂಟು ಕಾಣುವ ಹಾಗೆ ಒಂದು ಕಾಲನ್ನು ಕಲ್ಲಿನ ಮೇಲಿಟ್ಟು ಅಪ್ಪಣೆ ಕೊಡುತ್ತಿದ್ದರು.

"ಕಪಿತಾನ್, ಒಂದು ಮಾತು. ಆ ಬೂಟು…"

"ಗೊತ್ತಪ್ಪ, ಗೊತ್ತು. ಕೆಸರು ತಾಗದ ಹಾಗೆ ನೋಡ್ಕೊಳ್ತೀನಿ."

"ಅದು ಹಾಗಲ್ಲ. ಅದನ್ನ ಬಿಚ್ಬೇಕಾಗಿತ್ತು."

ವಿಷಯ ಕೇಳಿದ ಮೇಲೆ ಕಪಿತಾನರ ಮುಖ ಹುಳ್ಳಗಾಯಿತು. ಒಂದು ಬೂಟು ಬಿಚ್ಚಿದರು. ಇನ್ನೊಂದನ್ನು ಬಿಚ್ಚುವಾಗ ಆಯ ತಪ್ಪಿ ಒಂಟಿಕಾಲು ಚರಂಡಿಯೊಳಗೆ ಇಳಿಯಿತು. ಪುಣ್ಯಕ್ಕೆ ಅದು ಬೂಟಿಲ್ಲದ ಕಾಲು. ಕೆಲಸಗಾರರು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು.

"ಸಭೇಲಿ ನಿನ್ನ ಹೆಸರು ಹೇಳೇ ಹೇಳ್ತೀನಿ," ಎಂದರು ಕಪಿತಾನರು. ಈ ಸಲ ಆ ಮಾತಿನ ರುಚಿ ಬೇರೆಯಾಗಿತ್ತು.

ಖರ್ಚಾಗಿ ಹೋದದ್ದಕ್ಕೆಲ್ಲ ಮೂಲೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡು ತುಂಬಿಸಿ, ತಾನು ತಿಂದ ಡಬ್ಬಿಮಾಂಸಕ್ಕೆ ಬದಲು ಮೀನಿನ ಡಬ್ಬಿ ಇಟ್ಟು, ಸೀಳಿದ ರಟ್ಟನ್ನು ಗೋಣಿದಾರದಲ್ಲಿ ಹೊಲಿದು, ಅದೇ ಕೆಂಪು ಪಟ್ಟಿ ಸುತ್ತಿ, ಪ್ಲಾಸಿಡೊ ಬೊಯೆಟ್‌ನ ತ್ರಿಚಕ್ರಿ ಆಟೋದಲ್ಲಿ ಹೊರಟ. ಬೀದಿಯ ಎರಡೂ ಬದಿಯಲ್ಲಿ ನಿಂತವರು ಹೆಣ ಹೊರಟಿದ್ದನ್ನು ನೋಡುವ ಹಾಗೆ ಪೆಟ್ಟಿಗೆಯನ್ನು ನೋಡಿದರು.

ದಾರಿಯುದ್ದಕ್ಕೂ ಅವನಿಗೆ ಒಂದೇ ಸಮಾಧಾನ. ಮಾನ ಹೋದರೆ ಹೋಯಿತು, ಗೌನು ಸಿಗುತ್ತದಲ್ಲ. ನಾಡಿದ್ದು ಮಗಳು ತನ್ನ ಕೈಯ ಮೊಗ್ಗುಗಳ ನಡುವೆ ನಡೆದು ಬಂದರೆ ಇಷ್ಟೂ ಮರೆತುಹೋಗುತ್ತದೆ.

ಚರ್ಚಿನ ಬಾಗಿಲಲ್ಲಿ ಫ್ಲೋರ್ದೆಲಿಸ್ ಕಾಯುತ್ತಿದ್ದಳು. ಅವಳ ಮುಖ ನೋಡಿದ ಕೂಡಲೇ ಪ್ಲಾಸಿಡೊ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಳಿಸಿಬಿಟ್ಟ.

"ಅಣ್ಣ, ನಾನು ಬರೋಷ್ಟರಲ್ಲಿ…" ಎಂದವಳೇ ಒಳಗೆ ಕೈ ತೋರಿಸಿದಳು.

ಪೀಠದ ಪಕ್ಕದಲ್ಲಿ, ಮೇಣದಬತ್ತಿಗಳ ನಡುವೆ, ಆಳೆತ್ತರದ ಮರಿಯಮ್ಮನವರು ನಿಂತಿದ್ದರು. ಮೈಮೇಲೆ ಬಿಳಿ ಗೌನು. ಅಂಚಿಗೆ ಸುತ್ತಲೂ ಮಲ್ಲಿಗೆ ಮೊಗ್ಗಿನ ಸಾಲು. ಊರಿನ ಜನ ಉದ್ದಕ್ಕೆ ಸಾಲುಗಟ್ಟಿ ನಿಂತು, ಒಬ್ಬೊಬ್ಬರಾಗಿ ಬಾಗಿ ಆ ಅಂಚಿಗೆ ಮುತ್ತಿಡುತ್ತಿದ್ದರು.

"ಪರದೇಶದಿಂದ ಗೌನು ಬರುತ್ತೆ ಅಂತ ಎಲ್ರಿಗೂ ಗೊತ್ತಿತ್ತು," ಎಂದು ಫ್ಲೋರ್ದೆಲಿಸ್ ಕಣ್ಣೊರೆಸಿಕೊಂಡಳು. "ನಾನು ಬೇಡ ಅಂದಿದ್ರೂ ಪೆಟ್ಟಿಗೆ ಬಿಚ್ಚಿ, ಗೌನು ಕಂಡು, ತಂದು ಉಡಿಸಿಬಿಟ್ಟಿದ್ದಾರೆ."

ಮರಿಯಮ್ಮನವರ ಬಟ್ಟೆಬರೆ ನೋಡಿಕೊಳ್ಳುವ ಹಿರಿಯಜ್ಜಿ ಹತ್ತಿರ ಬಂದಳು. ಪ್ಲಾಸಿಡೊ ಮೆಲ್ಲಗೆ ವಿಷಯ ತೆಗೆದ. ಅಜ್ಜಿ ಕಣ್ಣು ಕೆಂಪಗೆ ಮಾಡಿದಳು.

"ಬದಲಾಯಿಸೋದಾ? ತಾಯಿ ಮೈಮೇಲೆ ಉಟ್ಟಿದ್ದನ್ನ ಕಿತ್ತು ಇನ್ನೊಬ್ಬಳಿಗೆ ಉಡಿಸೋದಾ? ಏನು ಮಾತು ಅಂತ ಆಡ್ತೀಯಪ್ಪ! ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ ನೋಡು. ಮೂವತ್ತು ವರ್ಷದಿಂದ ಉಡಿಸ್ತಾ ಇದ್ದೀನಿ, ಒಂದು ಪಿನ್ನೂ ಬೇಡವಾಗಿದ್ದು ಇದೇ ಮೊದಲು. ಬೆಳಗ್ಗಿನಿಂದ ನನ್ನ ಮಂಡಿನೋವೂ ಇಲ್ಲ!"

ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಮುದುಕಿ, ಫ್ಲೋರ್ದೆಲಿಸಳ ತಾಯಿ, ಕಪ್ಪು ಕನ್ನಡಕ ಮೇಲೆತ್ತಿ ಗೌನಿನ ಅಂಚನ್ನು ಕಣ್ಣ ಹತ್ತಿರ ಹಿಡಿದಳು. "ಮೊಗ್ಗು," ಎಂದಳು ಸಣ್ಣ ಮಗುವಿನ ಸಂತೋಷದಿಂದ. "ಒಂದೊಂದೂ ಕಾಣ್ತಾ ಇದೆ ಕಣೇ! ಯಾರು ಹೊಲಿದ್ರೋ, ಅವರ ಕೈ ತಣ್ಣಗಿರ್ಲಿ."

ಪ್ಲಾಸಿಡೊಗೆ ಅಲ್ಲಿಗೆ ಮಾತು ಮುಗಿದ ಹಾಗೆ ಅನ್ನಿಸಿತು. ಅವನೂ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಬಾಗಿ, ತಾನೇ ಹಾಕಿದ ಹೊಲಿಗೆಗೆ ಮುತ್ತಿಟ್ಟ. ಎರಡು ವರ್ಷದ ಕೆಲಸಕ್ಕೆ ವಿದಾಯ ಹೇಳಲು ಸಿಕ್ಕ ಹೊತ್ತು ಅಷ್ಟೇ. ಹಿಂದಿನವನು "ಬೇಗ ಬೇಗ" ಎಂದು ತಿವಿದ.

ಹೊರಗೆ ಫ್ಲೋರ್ದೆಲಿಸ್ ಜರಿಯ ಗೌನನ್ನು ಅವನ ಕೈಗೆ ತುರುಕಿದಳು. "ನಿಮ್ಮ ಮಗಳು ಇದನ್ನ ಉಟ್ಕೊಳ್ಲಿ ಅಣ್ಣ. ನನ್ನ ಹರಕೆ ನಿಮ್ಮ ಕೈಯಿಂದ ತೀರಿತು, ನನಗಿನ್ನು ಇದು ಬೇಡ. ನಿಮ್ಮ ಉಳಿದ ಸಾಮಾನು ಹಾಗೇ ಇದೆ, ಒಂದು ಸಾಬೂನೂ ಕಡಿಮೆಯಿಲ್ಲ." ಪ್ಲಾಸಿಡೊ ಮೀನಿನ ಡಬ್ಬಿ ನೆನೆದು ಬೇಗ ಬೇಗ ತ್ರಿಚಕ್ರಿ ಹತ್ತಿದ.

ಮನೆಗೆ ಬರುವಾಗ ಅವನ ಮನಸ್ಸು ನಿಧಾನವಾಗಿ ತಿಳಿಯಾಯಿತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಬೆಳಗ್ಗೆ ಈ ಜರಿಯ ಗೌನು ಉಟ್ಟು ಮಗಳ ಕಣ್ಣು ತುಂಬಿರಲಿಲ್ಲವೇ? ತನ್ನ ಸಪ್ಪೆ ಗೌನಿಗಿಂತ ಅವಳಿಗೆ ಇದೇ ಹಿಡಿಸಿತ್ತು. ಅವಳು ಸಂತೋಷವಾಗಿದ್ದರೆ ಸಾಕು, ಹೊಲಿದವರು ಯಾರಾದರೇನು?

ಮನೆಯ ಮುಂದೆ ಅರ್ಧ ಬೀದಿ ಸೇರಿತ್ತು. ಮಾರಿವಿಕ್ ಓಡಿ ಬಂದು ಅವನ ಕೈ ಹಿಡಿದಳು.

"ಅಪ್ಪಾ, ತಂದ್ಯಾ? ನೀನು ಹೋದ ಮೇಲೆ ಎಲ್ರೂ ಅಯ್ಯೋ ಪಾಪ, ಅಂಥ ಜರಿ ಗೌನು ಹೋಯ್ತಲ್ಲ ಅಂದ್ರು. ನಾನು ಎಲ್ರಿಗೂ ಹೇಳ್ಬಿಟ್ಟಿದ್ದೀನಿ. ಬಂಗಾರದ್ದೇ ತಂದು ಕೊಟ್ರೂ ಬೇಡ, ನಮ್ಮಪ್ಪ ಕೈಯಾರೆ ಹೊಲಿದಿದ್ದನ್ನೇ ಉಟ್ಕೊಂಡು ಮದುವೆ ಆಗ್ತೀನಿ ಅಂತ. ಬೆಳಗ್ಗೆ ನಾನು ಅತ್ತಿದ್ದೂ ಅದಕ್ಕೇ, ನೀನು ಹೊಲಿದಿದ್ದು ಅಂದ್ಕೊಂಡು. ಎಲ್ಲಿ, ತೋರ್ಸು ಅಪ್ಪ!"

ಪ್ಲಾಸಿಡೊ ಮಗಳ ಮುಖ ನೋಡಿದ. ಈ ಮಾತು ಕೇಳಲೆಂದೇ ಅವನು ಎರಡು ವರ್ಷ ಕಣ್ಣು ಸುಟ್ಟುಕೊಂಡದ್ದು. ಕೇಳುವ ಹೊತ್ತಿಗೆ ಕೈಯಲ್ಲಿದ್ದದ್ದು ಜರಿಯ ಗೌನು. ಅದನ್ನು ಬಿಚ್ಚಿ ತೋರಿಸಿದ. ನಡೆದದ್ದೆಲ್ಲ ಹೇಳಿದ.

"ಹೋಗ್ಲಿ ಬಿಡಮ್ಮ," ಎಂದ ಕೊನೆಗೆ. "ಇದನ್ನೇ ಉಟ್ಕೋ. ಸೊಂಟ ನಾನು ಸರಿ ಮಾಡ್ತೀನಿ."

"ಮುಟ್ಟೀಯ ಜೋಕೆ!" ಎಂದು ಅತ್ತೆ ಕ್ಯಾಂದಿಡಾ ನಡುವೆ ನುಗ್ಗಿದಳು. "ಮರಿಯಮ್ಮನವರಿಗೆ ಅಂತ ಹರಕೆ ಹೊತ್ತ ಬಟ್ಟೇನ ಮದುಮಗಳ ಮೈಗೆ ಹಾಕ್ತೀಯಾ? ಬೆಳಗ್ಗೆ ಗೊತ್ತಿಲ್ದೆ ಪಿನ್ನು ಚುಚ್ಚಿದ ಪಾಪಕ್ಕೇ ನಾನು ಎಷ್ಟು ಜಪಮಾಲೆ ಎಣಿಸ್ಬೇಕೋ!" ಎಂದವಳೇ ಗೌನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಮನೆಯ ನಡುವಿದ್ದ ದೊಡ್ಡ ಮೇಜಿನ ಮೇಲೆ ಹರಡಿ, ಎರಡು ಮೇಣದಬತ್ತಿ ಹಚ್ಚಿಟ್ಟಳು.

ಹೀಗೆ ಮನೆಯಲ್ಲಿ ಗೌನೇನೋ ಇತ್ತು, ಮದುಮಗಳಿಗೆ ಉಡಲು ಮಾತ್ರ ಗೌನಿರಲಿಲ್ಲ. ಬೀದಿಯ ಜನ ಒಬ್ಬೊಬ್ಬರಾಗಿ ಒಳಗೆ ಬಂದು ಜರಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಮಧ್ಯಾಹ್ನ ಪೊರಕೆ ಹಿಡಿದು ಬಂದವನೂ ಸಾಲಿನಲ್ಲಿದ್ದ.

ಪ್ಲಾಸಿಡೊ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಹೊಲಿಗೆ ಯಂತ್ರವನ್ನು ಎಳೆದು, ಜಾಗ ಸಾಲದೆ ಬಾಗಿಲ ಹೊರಗೆ ಜಗುಲಿಯ ಮೇಲೆ ಇಟ್ಟುಕೊಂಡ. ಬಟ್ಟೆ? ತಾನು ತಂದ ಪೆಟ್ಟಿಗೆಯಲ್ಲಿ ಅತ್ತೆಗೆಂದು ತಂದಿದ್ದ ಬಿಳಿ ಹೊದಿಕೆ ಇತ್ತು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಪಾಪ, ಬೆಳಗ್ಗಿನಿಂದ ನಂಗೆ ಅಂತ ಸಿಕ್ಕಿದ್ದು ಇದೊಂದೇ," ಎಂದು ನಿಟ್ಟುಸಿರುಬಿಟ್ಟು, ತಾನೇ ತಂದು ಅವನ ತೊಡೆಯ ಮೇಲೆ ಹಾಕಿದಳು. "ಕತ್ತು ಮಾತ್ರ ಆ ಜರಿ ಗೌನಿನ ಹಾಗೇ ಇಡು."

ಮಾರಿವಿಕ್ ಮುಂದೆ ಬಂದು, ಕೈ ಅಗಲಿಸಿ, ಅಳತೆಗೆ ನಿಂತಳು. ಅಳತೆಯ ಟೇಪು ಎಲ್ಲೋ ಕಳೆದಿತ್ತು. ಪ್ಲಾಸಿಡೊ ಪೆಟ್ಟಿಗೆಗೆ ಸುತ್ತಿದ್ದ ಕೆಂಪು ಪಟ್ಟಿಯನ್ನು ಎತ್ತಿಕೊಂಡು ಅವಳ ಸೊಂಟಕ್ಕೆ ಸುತ್ತಿದ.

"ಮೊಗ್ಗು ಬೇಕು ಅಪ್ಪ," ಎಂದಳು ಅವಳು ಮೆಲ್ಲಗೆ. "ಒಂದೇ ಆದ್ರೂ ಸಾಕು."

"ಹಾಕ್ತೀನಿ ಮಗಳೇ," ಎಂದ ಅವನು. ಯಂತ್ರ ಕಟಕಟ ಸದ್ದು ಮಾಡತೊಡಗಿತು.

ಸಾಲಿನ ಕೊನೆಯಲ್ಲಿದ್ದ ಕಪಿತಾನ್ ಲಿಬೊರಿಯೊ, ಕಾಲಲ್ಲಿ ಹಳೆಯ ಹವಾಯಿ ಚಪ್ಪಲಿ, ಜಗುಲಿಯ ಹತ್ತಿರ ನಿಂತು ಎಲ್ಲ ಮರೆತವರಂತೆ ವಿಚಾರಿಸಿದರು.

"ಅಂತೂ ಎರಡು ವರ್ಷ ದುಡಿದು ರಜಕ್ಕೆ ಬಂದ್ಯಲ್ಲಪ್ಪ ಪ್ಲಾಸಿಡೊ, ಹಾಯಾಗಿದ್ಯಾ?"

ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದ ಪ್ಲಾಸಿಡೊ ಹೂಂ ಎಂದು ತಲೆಯಾಡಿಸಿದ.